ಹಲ್ಲಿನ ಇಂಪ್ಲಾಂಟ್: ಸ್ಕ್ರೂ ಬಗ್ಗೆ ಮಾತಿಲ್ಲ, ಸಂದಿಯದೇ ತಕರಾರು

ಮೊದಲು ತೀರ್ಪು ಹೇಳಿಬಿಡುತ್ತೇನೆ, ವಿವರ ಆಮೇಲೆ. ಕೆಳದವಡೆಯ ಎಡಗಡೆ, ಮೊದಲ ದವಡೆ ಹಲ್ಲು ಹೋದ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದೇನೆ. ಜಗಿಯುವ ಕೆಲಸಕ್ಕೆ ಪೂರ್ತಿ ಅಂಕ. ಗಟ್ಟಿ ತುತ್ತು ಬಂದರೆ ನಾಲಿಗೆ ಅದನ್ನು ಬಲಗಡೆಗೆ ತಳ್ಳುತ್ತಿತ್ತಲ್ಲ, ಆ ಅಭ್ಯಾಸ ತಾನಾಗಿ ಹೋಯಿತು. ನೋವಿಲ್ಲ, ಅಲುಗಾಟ ಇಲ್ಲ, ಬಾಯಿ ತೆರೆದು ನಕ್ಕರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಕಿಸುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಎರಡೇ: ತುಂಬಾ ನೋಯುತ್ತಾ, ಯಾವ ಕಂಪನಿ ಸ್ಕ್ರೂ. ನನ್ನ ಪ್ರಕಾರ ಎರಡೂ ಅಷ್ಟು ದೊಡ್ಡ ವಿಷಯ ಅಲ್ಲ. ಆಮೇಲೆ ದಿನಾ ಅನುಭವಕ್ಕೆ ಬರುವುದು ಮೇಲೆ ಕೂರುವ ಕ್ಯಾಪು, ಅದರ ಅಕ್ಕಪಕ್ಕದ ಸಂದಿ, ಆ ಸಂದಿಯನ್ನು ನೀವು ಶುಚಿ ಮಾಡಿಕೊಳ್ಳಲು ಆಗುತ್ತದೋ ಇಲ್ಲವೋ ಅನ್ನುವುದು. ಇದರ ಬಗ್ಗೆ ಮೊದಲೇ ಬಾಯಿ ಬಿಡುವವರು ಕಡಿಮೆ.

ಇಂಪ್ಲಾಂಟ್ ಅಂದರೆ ಇಡೀ ಹಲ್ಲು ಅಂದುಕೊಂಡವರು ಜಾಸ್ತಿ. ಹಾಗಲ್ಲ. ಮೂರು ತುಂಡು ಸೇರಿದರೆ ಒಂದು ಹಲ್ಲು. ಮೂಳೆಯೊಳಗೆ ಕೂರುವ ಸ್ಕ್ರೂ ಒಂದು, ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಆಸುಪಾಸು ಉದ್ದ. ಅದರ ತಲೆಗೆ ಬಿಗಿಯುವ ಅಬಟ್ಮೆಂಟ್ ಇನ್ನೊಂದು. ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್. ನಿಜವಾಗಿ ಇಂಪ್ಲಾಂಟ್ ಅನ್ನುವುದು ಕೆಳಗಿನ ಸ್ಕ್ರೂಗೆ ಮಾತ್ರ. ಜಾಹೀರಾತಿನಲ್ಲಿ ಕಾಣುವ ಬೆಲೆ ಬಹಳ ಸಲ ಈ ಒಂದು ತುಂಡಿನದು. ಆದ್ದರಿಂದ ಮೊದಲ ದಿನವೇ, ಮೂರೂ ಸೇರಿ ಎಷ್ಟು, ಸ್ಕ್ಯಾನ್ ಎಷ್ಟು, ಮೂಳೆ ತುಂಬಬೇಕಾದರೆ ಅದಕ್ಕೆಷ್ಟು ಅಂತ ಬರೆಸಿಕೊಂಡುಬಿಡಿ. ಸಂಕೋಚ ಬೇಡ.

ಈ ಸ್ಕ್ರೂ ಟೈಟೇನಿಯಂ ಲೋಹದ್ದು. ಅದೇ ಯಾಕೆ ಅಂತ ನನಗೆ ಕುತೂಹಲ ಇತ್ತು. ಇದರ ಹಿಂದೆ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಅನ್ನುವ ಸ್ವೀಡನ್ನಿನ ವೈದ್ಯ ಇದ್ದಾರೆ. 1950ರ ದಶಕದಲ್ಲಿ ಅವರು ನೋಡುತ್ತಿದ್ದದ್ದು ಹಲ್ಲನ್ನಲ್ಲ, ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅನ್ನುವುದನ್ನು. ಅದಕ್ಕೆ ಟೈಟೇನಿಯಂ ಸಾಧನವೊಂದನ್ನು ಮೂಳೆಯಲ್ಲಿ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ವಾಪಸ್ ತೆಗೆಯಲು ಹೋದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ಸಲ ಒಬ್ಬ ಮನುಷ್ಯನ ದವಡೆಗೆ ಹಾಕಿದರು. ಆ ಮನುಷ್ಯ ಅದೇ ಸ್ಕ್ರೂಗಳ ಮೇಲೆ ನಲವತ್ತು ವರ್ಷ ಊಟ ಮಾಡಿದ. ಆದರೂ ಉಳಿದ ಹಲ್ಲಿನ ಡಾಕ್ಟರುಗಳು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು 1982ರ ಟೊರಾಂಟೊ ಸಮ್ಮೇಳನದ ನಂತರವೇ. ಈಗ ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ವಸ್ತುವಿನ ಬಿಳಿ ಸ್ಕ್ರೂಗಳೂ ಸಿಗುತ್ತವೆ. ಒಸಡು ತೆಳ್ಳಗಿದ್ದು ಮುಂದಿನ ಹಲ್ಲಿಗೆ ಹಾಕುವುದಾದರೆ ಅದರ ಬಗ್ಗೆ ಕೇಳಬಹುದು. ಹಿಂದಿನ ಹಲ್ಲಿಗಾದರೆ ನನಗೆ ಅದರ ಅಗತ್ಯ ಕಾಣಲಿಲ್ಲ.

ನಾನು ಮೊದಲು ಹೋದ ಕ್ಲಿನಿಕ್ಕಿನ ಹೆಸರು ಬೇಡ. ಒಂದು ಚಿಕ್ಕ ಎಕ್ಸ್‌ರೇ ತೆಗೆದರು, ಅದನ್ನು ಸರಿಯಾಗಿ ನೋಡಿದರೋ ಇಲ್ಲವೋ, ಈ ವಾರವೇ ಸ್ಕ್ರೂ, ಮುಂದಿನ ವಾರ ಹಲ್ಲು, ಲೈಫ್‌ಟೈಮ್ ಗ್ಯಾರಂಟಿ ಅಂದರು. ಸ್ಕ್ರೂ ಹಾಕಿದ ಕೂಡಲೇ ಹಲ್ಲು ಕೂರಿಸುವ ಪದ್ಧತಿ ಇಲ್ಲ ಅಂತಲ್ಲ, ಇದೆ. ಮೂಳೆ ಗಟ್ಟಿಯಾಗಿದ್ದು ಸ್ಕ್ರೂ ಮೊದಲ ದಿನವೇ ಚೆನ್ನಾಗಿ ಬಿಗಿಯಾಗಿ ಕೂತರೆ ಮಾಡುತ್ತಾರೆ. ಆದರೆ ಮೂಳೆ ಎಷ್ಟಿದೆ ಅಂತ ಅಳೆಯದೆ ಅದನ್ನು ಹೇಗೆ ಹೇಳಲು ಆಗುತ್ತದೆ? ನಾನು ಎದ್ದು ಬಂದೆ.

ಎರಡನೇ ಕಡೆ ಮೊದಲು ಮಾಡಿದ ಕೆಲಸವೇ ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯ 3ಡಿ ಎಕ್ಸ್‌ರೇ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಇದರಲ್ಲಿ ದವಡೆಯನ್ನು ಅಡ್ಡಡ್ಡ ಕತ್ತರಿಸಿದ ಹಾಗೆ ನೋಡಬಹುದು. ಡಾಕ್ಟರು ಪರದೆಯ ಮೇಲೆ ಕೆಂಪು ಗೆರೆ ಎಳೆದು ತೋರಿಸಿದರು. ಕೆಳದವಡೆಯ ಒಳಗೆ ಒಂದು ನರ ಓಡುತ್ತದೆ, ಕೆಳತುಟಿಗೆ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವುದು ಅದೇ. ಸ್ಕ್ರೂ ತುದಿ ಅದರಿಂದ ಕನಿಷ್ಠ 2 ಮಿಲಿಮೀಟರ್ ಮೇಲೆ ನಿಲ್ಲಬೇಕು. ಡ್ರಿಲ್ ತಗುಲಿದರೆ ತುಟಿ ಜೋಮು ಹಿಡಿದದ್ದು ಹಾಗೇ ಉಳಿದುಬಿಡಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ನರದ ಚಿಂತೆ ಇಲ್ಲ, ಬದಲಿಗೆ ಸೈನಸ್ ಅನ್ನುವ ಗಾಳಿಯ ಗೂಡು ಇರುತ್ತದೆ. ಮೂಳೆ ಸಾಲದಿದ್ದರೆ ಅದರ ಪೊರೆಯನ್ನು ಮೇಲೆತ್ತಿ ಕೆಳಗೆ ಮೂಳೆ ಪುಡಿ ತುಂಬುತ್ತಾರೆ. ಆ ಪರದೆಯ ಮುಂದೆ ಕೂತ ಹತ್ತು ನಿಮಿಷದಲ್ಲೇ ನನಗೆ ಇವರ ಮೇಲೆ ನಂಬಿಕೆ ಬಂತು. ಇಂಪ್ಲಾಂಟ್ ಬಗ್ಗೆ ಮಾತಾಡುವವರು ನಿಮ್ಮದೇ ಸ್ಕ್ಯಾನ್ ತೋರಿಸಿ ಮಾತಾಡುತ್ತಾರೋ, ಚೆಂದದ ಮಾಡೆಲ್ ಕೈಗೆ ಕೊಟ್ಟು ಮಾತಾಡುತ್ತಾರೋ ಗಮನಿಸಿ.

ಹಲ್ಲು ಕೀಳಿಸಿದ ಮೇಲೆ ಅಲ್ಲಿನ ಮೂಳೆ ಸುಮ್ನೆ ಇರುವುದಿಲ್ಲ, ಕರಗುತ್ತಾ ಹೋಗುತ್ತದೆ. ಒಂದು ವರ್ಷದಲ್ಲಿ ಅಗಲ ಸುಮಾರು ಅರ್ಧಕ್ಕೆ ಇಳಿಯಬಹುದು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಇಳಿಯುವುದೇ ಜಾಸ್ತಿ. ನನ್ನ ಹಲ್ಲು ಹೋಗಿ ತುಂಬಾ ಕಾಲ ಆಗಿದ್ದರಿಂದ ಕೆನ್ನೆ ಕಡೆಯ ಮೂಳೆ ತೆಳ್ಳಗಾಗಿತ್ತು, ಸ್ವಲ್ಪ ಮೂಳೆ ಪುಡಿ ಹಾಕಬೇಕಾಯಿತು. ಈ ಪುಡಿ ಬೇರೆ ಬೇರೆ ಥರದ್ದು ಬರುತ್ತದೆ. ಕೆಲವು ದನದ ಮೂಳೆಯಿಂದ ತಯಾರಾದವು, ಕೆಲವು ದಾನ ಬಂದ ಮನುಷ್ಯರ ಮೂಳೆಯಿಂದ, ಕೆಲವು ಪೂರ್ತಿ ಕೃತಕ. ಯಾವುದು ಹಾಕುತ್ತೀರಿ ಅಂತ ಮೊದಲೇ ಕೇಳಬಹುದು, ಬೇಡದ್ದನ್ನು ಬೇಡ ಅನ್ನಬಹುದು. ಕೇಳದಿದ್ದರೆ ಅವರಾಗಿ ಹೇಳದೇ ಇರಬಹುದು.

ಆಪರೇಷನ್ ದಿನದ ಬಗ್ಗೆ ಜಾಸ್ತಿ ಹೆದರಬೇಡಿ. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇರುವುದಿಲ್ಲ, ಸದ್ದು ಇರುತ್ತದೆ. ಹುಳುಕು ಹಲ್ಲಿಗೆ ಬಳಸುವ ಕಿರುಚುವ ಡ್ರಿಲ್ ಅಲ್ಲ ಇದು, ನಿಧಾನದ್ದು, ದಪ್ಪ ದನಿಯದು. ಆದರೆ ಸದ್ದು ಕಿವಿಯಿಂದ ಬರುವುದಿಲ್ಲ, ತಲೆಬುರುಡೆಯ ಒಳಗಿಂದಲೇ ಬರುತ್ತದೆ. ಮೊದಲು ಸಣ್ಣ ಡ್ರಿಲ್, ಆಮೇಲೆ ಅದಕ್ಕಿಂತ ದಪ್ಪದ್ದು, ಆಮೇಲೆ ಇನ್ನೂ ದಪ್ಪದ್ದು, ಹೀಗೆ ತೂತನ್ನು ಹಂತ ಹಂತವಾಗಿ ಅಗಲ ಮಾಡುತ್ತಾರೆ. ಉದ್ದಕ್ಕೂ ತಣ್ಣನೆಯ ಸಲೈನ್ ನೀರು ಬಿಡುತ್ತಲೇ ಇರುತ್ತಾರೆ, ಅರ್ಧ ನೀರು ಗಂಟಲಿಗೆ ಬರುತ್ತದೆ, ಸಹಾಯಕಿ ಹೀರುವ ಕೊಳವೆ ಹಿಡಿದು ಅದರ ಹಿಂದೆಯೇ ಓಡಾಡುತ್ತಿರುತ್ತಾರೆ. ಮೂಳೆ 47 ಡಿಗ್ರಿ ದಾಟಿ ಒಂದು ನಿಮಿಷ ಬಿಸಿಯಾದರೂ ಅಲ್ಲಿನ ಜೀವಕೋಶಗಳು ಸತ್ತುಹೋಗುತ್ತವೆ, ಸತ್ತ ಮೂಳೆಗೆ ಸ್ಕ್ರೂ ಹಿಡಿಯುವುದಿಲ್ಲ. ಅಷ್ಟು ನೀರು ಯಾಕೆ ಅಂತ ಗೊತ್ತಾದ ಮೇಲೆ ನನಗೆ ಕಿರಿಕಿರಿ ಕಮ್ಮಿಯಾಯಿತು. ಕೊನೆಗೆ ಸ್ಕ್ರೂವನ್ನು ಅಳತೆಯ ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ ಬಿಗಿದರು. ಪ್ರತಿ ತಿರುವಿಗೂ ದವಡೆಯ ಮೇಲೆ ಒತ್ತಡ ಬೀಳುವುದು ಚೆನ್ನಾಗಿ ಗೊತ್ತಾಗುತ್ತಿತ್ತು. 35 ನ್ಯೂಟನ್ ಸೆಂಟಿಮೀಟರ್ ಬಂತು ಅಂತ ಖುಷಿಯಿಂದ ಹೇಳಿದರು. ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವ ಅಳತೆ ಅದು. ನನಗೆ ಅದರ ತಲೆಬುಡ ಆಗ ಗೊತ್ತಿರಲಿಲ್ಲ, ಸುಮ್ನೆ ಹೆಬ್ಬೆಟ್ಟು ಎತ್ತಿದೆ.

ಊತ ಎರಡು ಮೂರು ದಿನ ಏರಿ ಇಳಿಯಿತು. ಮಾತ್ರೆಯಲ್ಲಿ ತಡೆದುಕೊಳ್ಳುವಷ್ಟೇ ನೋವು. ರೂಟ್ ಕೆನಾಲ್‌ಗೆ ಮುಂಚೆ ರಾತ್ರಿ ಹಲ್ಲು ನೋವಿನಲ್ಲಿ ಒದ್ದಾಡಿದವರಿಗೆ ಇದು ಏನೂ ಅಲ್ಲ.

ಕಷ್ಟ ಇರುವುದು ಕಾಯುವುದರಲ್ಲಿ. ಕೆಳದವಡೆಗೆ ಮಾಮೂಲಿಯಾಗಿ ಮೂರು ತಿಂಗಳು, ಮೇಲ್ದವಡೆಯ ಮೂಳೆ ಮೆದು, ಅಲ್ಲಿಗೆ ನಾಲ್ಕರಿಂದ ಆರು. ಮೂಳೆ ಪುಡಿ ತುಂಬಿದ್ದರೆ ಇನ್ನೂ ಜಾಸ್ತಿ. ಇಲ್ಲಿ ಒಂದು ವಿಚಿತ್ರ ಇದೆ. ಹಾಕಿದ ದಿನ ಸ್ಕ್ರೂ ಬಿಗಿಯಾಗಿರುತ್ತದೆ, ಯಾಕೆಂದರೆ ಸ್ಕ್ರೂ ಮೈಮೇಲಿನ ಸುರುಳಿ ಏಣುಗಳು ಹಳೇ ಮೂಳೆಯನ್ನು ಕಚ್ಚಿ ಹಿಡಿದಿರುತ್ತವೆ. ಆಮೇಲೆ ಆ ಹಳೇ ಮೂಳೆ ಕರಗಿ ಹೊಸದು ಬೆಳೆಯಲು ಶುರುವಾಗುತ್ತದೆ, ಈ ಮಧ್ಯೆ ಮೂರ್ನಾಲ್ಕು ವಾರದ ಹೊತ್ತಿಗೆ ಬಿಗಿ ಮೊದಲ ದಿನಕ್ಕಿಂತ ಕಮ್ಮಿ ಇರುತ್ತದೆ. ಅಂದರೆ ಊತ ಇಳಿದು, ನೋವು ಹೋಗಿ, ಎಲ್ಲ ಸರಿಹೋಯಿತು ಅಂತ ನಿಮಗೆ ಅನ್ನಿಸುವ ಹೊತ್ತಿಗೇ ಅದು ತೀರಾ ನಾಜೂಕಾಗಿರುತ್ತದೆ. ಆ ಕಡೆ ಗಟ್ಟಿ ಪದಾರ್ಥ ಕಚ್ಚಬೇಡಿ ಅಂತ ಹೇಳುವುದು ಇದಕ್ಕೇ. ಸಿಗರೇಟು ಬಿಡಿ ಅಂತ ಹೇಳುವುದೂ ಬರೀ ಉಪದೇಶ ಅಲ್ಲ, ಹೊಗೆ ಒಸಡಿಗೆ ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ, ಇಂಪ್ಲಾಂಟ್ ಕೈಕೊಡುವ ಸಾಧ್ಯತೆ ಜಾಸ್ತಿಯಾಗುತ್ತದೆ.

ಈಗ ಕ್ಯಾಪಿನ ವಿಷಯ. ಇಲ್ಲಿ ಅವಸರ ಮಾಡಬೇಡಿ, ಡಾಕ್ಟರಿಗೂ ಅವಸರ ಮಾಡಲು ಬಿಡಬೇಡಿ.

ಕ್ಯಾಪನ್ನು ಎರಡು ರೀತಿಯಲ್ಲಿ ಕೂರಿಸಬಹುದು. ಒಂದು, ಸಿಮೆಂಟ್ ಹಚ್ಚಿ ಅಂಟಿಸುವುದು. ಇನ್ನೊಂದು, ಕ್ಯಾಪಿನ ನೆತ್ತಿಯಲ್ಲಿ ತೂತು ಬಿಟ್ಟು ಸಣ್ಣ ಸ್ಕ್ರೂನಿಂದ ಬಿಗಿಯುವುದು. ಅಂಟಿಸಿದ್ದು ನೋಡಲು ಚೆಂದ, ತೂತಿನ ಗುರುತು ಇರುವುದಿಲ್ಲ. ಆದರೆ ಹೆಚ್ಚಾದ ಸಿಮೆಂಟ್ ಒಸಡಿನ ಕೆಳಗೆ ಜಾರಿ ಅಲ್ಲೇ ಉಳಿದರೆ, ಕಣ್ಣಿಗೆ ಕಾಣದೆ ಸುತ್ತಲೂ ಸೋಂಕು ಎಬ್ಬಿಸುತ್ತದೆ. ಮುಂದೆ ಏನಾದರೂ ತೊಂದರೆ ಬಂದರೆ ಬಿಚ್ಚುವುದೂ ಕಷ್ಟ, ಕೆಲವೊಮ್ಮೆ ಕ್ಯಾಪನ್ನೇ ಒಡೆಯಬೇಕು. ಸ್ಕ್ರೂ ಮಾಡಿದ್ದನ್ನು ಬಿಚ್ಚಿ ಮತ್ತೆ ಹಾಕಬಹುದು. ನಾನು ಸ್ಕ್ರೂ ಬೇಕು ಅಂತ ಪಟ್ಟು ಹಿಡಿದೆ. ಸ್ಕ್ರೂ ಬಿಗಿದು, ತೂತಿನೊಳಗೆ ಬಿಳಿ ಟೆಫ್ಲಾನ್ ಟೇಪ್ ತುರುಕಿ, ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದರು. ಹೌದು, ನಲ್ಲಿಗೆ ಸುತ್ತುವ ಥರದ್ದೇ ಟೇಪು. ಬಾಯಿ ದೊಡ್ಡದಾಗಿ ತೆರೆದು ಕನ್ನಡಿ ಹಿಡಿದರೆ ಸಣ್ಣ ಚುಕ್ಕೆ ಕಾಣುತ್ತದೆ. ಹಿಂದಿನ ಹಲ್ಲು, ಯಾರು ನೋಡುತ್ತಾರೆ?

ಕಚ್ಚುವ ಮಟ್ಟ ಸರಿಮಾಡಲು ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ, ಮತ್ತೆ ಕಚ್ಚಿಸಿದರು. ಮೆಲ್ಲಗೆ ಕಚ್ಚಿದಾಗ ಹೊಸ ಹಲ್ಲು ಕೂದಲೆಳೆಯಷ್ಟು ತಗ್ಗಿರುವ ಹಾಗೆ ಬಿಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ನನಗೆ ಈ ಇಡೀ ವ್ಯವಹಾರದಲ್ಲೇ ತುಂಬಾ ಇಷ್ಟವಾದ ವಿಷಯ. ಹುಟ್ಟಿದ ಹಲ್ಲಿನ ಬೇರಿಗೂ ಮೂಳೆಗೂ ಮಧ್ಯೆ ತೆಳುವಾದ ನಾರಿನ ಪದರ ಇದೆ. ಕಚ್ಚಿದಾಗ ಹಲ್ಲು ಆ ಪದರದ ಮೇಲೆ ಒಂದಿಷ್ಟು ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಇಂಪ್ಲಾಂಟ್‌ಗೆ ಆ ಪದರವೇ ಇಲ್ಲ, ಗೋಡೆಗೆ ಬಡಿದ ಗೂಟದ ಹಾಗೆ ಮೂಳೆಗೇ ನೇರವಾಗಿ ಬೆಸೆದುಕೊಂಡಿರುತ್ತದೆ. ಉಳಿದ ಹಲ್ಲುಗಳು ಇಳಿದಾಗ ಇದು ಇಳಿಯುವುದಿಲ್ಲ, ಎಲ್ಲ ಭಾರ ಇದರ ಮೇಲೇ ಬೀಳುತ್ತದೆ. ಅದಕ್ಕೇ ಆ ಸಣ್ಣ ರಿಯಾಯಿತಿ. ಆ ಪದರದಲ್ಲೇ ಸ್ಪರ್ಶದ ನರಗಳೂ ಇರುವುದರಿಂದ ಹೊಸ ಹಲ್ಲಿಗೆ ಅನುಭವ ಮಂದ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೆ ನಿಜವಾದ ಹಲ್ಲು ತಕ್ಷಣ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ, ಕಡಿದೇಬಿಡುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದವರು ರಾತ್ರಿ ಗಾರ್ಡ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಪಿಂಗಾಣಿ ಎದ್ದುಬರುತ್ತದೆ ಅಥವಾ ಸ್ಕ್ರೂ ಸಡಿಲವಾಗುತ್ತದೆ.

ತಕರಾರಿಗೆ ಬರೋಣ.

ದವಡೆ ಹಲ್ಲಿನ ಅಗಲ ಸುಮಾರು 10 ಮಿಲಿಮೀಟರ್, ಅದಕ್ಕೆ ಆಧಾರ 4 ಮಿಲಿಮೀಟರಿನ ದುಂಡು ಸ್ಕ್ರೂ. ಮೇಲೆ ಅಗಲ, ಕುತ್ತಿಗೆ ಸಣ್ಣ. ಹಾಗಾಗಿ ಒಸಡಿನ ಹತ್ತಿರ ಎರಡೂ ಪಕ್ಕ ಒಂದು ತ್ರಿಕೋನದ ಪೊಳ್ಳು ಉಳಿಯುತ್ತದೆ. ತಿಂದದ್ದು ಅಲ್ಲಿ ಹೋಗಿ ಕೂರುತ್ತದೆ. ಪ್ರತಿ ಊಟಕ್ಕೂ. ಸೊಪ್ಪಿನ ನಾರು, ಮಾಂಸದ ಎಳೆ, ಕಾಳಿನ ಸಿಪ್ಪೆ, ಯಾವುದನ್ನೂ ಬಿಡುವುದಿಲ್ಲ. ಬಾಯಿ ಮುಕ್ಕಳಿಸಿದರೆ ಸಾಲುವುದಿಲ್ಲ, ಸಂದಿಗೆ ಹೋಗುವ ಪುಟ್ಟ ಬ್ರಷ್ಷೇ ಬೇಕು. ಈಗ ಅದು ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಇದನ್ನು ಸಹಿಸಿಕೊಳ್ಳುತ್ತಿದ್ದೆ, ಆದರೆ ಆಮೇಲೆ ಇನ್ನೊಂದು ಶುರುವಾಯಿತು. ಕ್ಯಾಪ್ ಹಾಕಿದ ಹೊಸದರಲ್ಲಿ ಮುಂದಿನ ಹಲ್ಲಿಗೂ ಇದಕ್ಕೂ ಮಧ್ಯೆ ಸಂದಿ ಶುಚಿ ಮಾಡುವ ದಾರ (ಫ್ಲಾಸ್) ತೂರಿಸಿದರೆ ಟಕ್ ಅಂತ ಬಿಗಿಯಾಗಿ ಇಳಿಯುತ್ತಿತ್ತು. ಕ್ರಮೇಣ ಆ ಟಕ್ ಹೋಯಿತು. ದಾರ ಸಲೀಸಾಗಿ ಇಳಿಯತೊಡಗಿತು, ಮೇಲಿಂದಲೇ ತುತ್ತು ಸಿಕ್ಕಿಹಾಕಿಕೊಳ್ಳತೊಡಗಿತು.

ಇದು ಯಾರ ತಪ್ಪೂ ಅಲ್ಲವಂತೆ. ನಮ್ಮ ಹಲ್ಲುಗಳು ಜೀವಮಾನವಿಡೀ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತಿರುತ್ತವೆ. ಇಂಪ್ಲಾಂಟ್ ಸರಿಯುವುದಿಲ್ಲ. ಪಕ್ಕದ ಹಲ್ಲು ಮುಂದೆ ಹೋಯಿತು, ಇದು ಅಲ್ಲೇ ನಿಂತಿತು, ಮಧ್ಯೆ ಸಂದಿ ಬಿತ್ತು. ತುಂಬಾ ಜನರಿಗೆ ಆಗುವ ವಿಷಯ ಇದು ಅಂತ ಡಾಕ್ಟರು ಆಗ ಹೇಳಿದರು. ಆಗ! ಮೊದಲೇ ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನರದ ಬಗ್ಗೆ ಅಷ್ಟು ಚೆನ್ನಾಗಿ ತಿಳಿಸಿ ಹೇಳಿದವರು ಇದನ್ನು ಮುಚ್ಚಿಡಲಿಲ್ಲ, ಹೇಳುವಷ್ಟು ದೊಡ್ಡದು ಅಂತ ಅವರಿಗೆ ಅನ್ನಿಸಲಿಲ್ಲ ಅಷ್ಟೆ. ತಿನ್ನುವವನಿಗೆ ಮಾತ್ರ ಅದು ದಿನಕ್ಕೆ ಮೂರು ಹೊತ್ತಿನ ಸಮಸ್ಯೆ. ಇದಕ್ಕೆ ಅರ್ಧ ಅಂಕ ಕಡಿತ.

ರಿಪೇರಿ ಮಾತ್ರ ಸುಲಭವಾಯಿತು. ನೆತ್ತಿಯ ಫಿಲ್ಲಿಂಗ್ ತೆಗೆದು, ಟೇಪ್ ಎಳೆದು, ಸ್ಕ್ರೂ ಬಿಚ್ಚಿ, ಕ್ಯಾಪನ್ನು ಲ್ಯಾಬಿಗೆ ಕಳಿಸಿದರು. ಪಕ್ಕಕ್ಕೆ ಸ್ವಲ್ಪ ಪಿಂಗಾಣಿ ಸೇರಿಸಿ ವಾಪಸ್ ಬಂತು, ಮತ್ತೆ ಬಿಗಿದರು. ಟಕ್ ಮತ್ತೆ ಬಂತು. ಸಿಮೆಂಟ್ ಹಾಕಿ ಅಂಟಿಸಿದ್ದರೆ ಇಷ್ಟು ಸಲೀಸಾಗಿ ಬಿಚ್ಚಲು ಬರುತ್ತಿತ್ತಾ? ಅನುಮಾನ.

ಇಂಪ್ಲಾಂಟ್ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಅದನ್ನೇ ನಂಬಿ ಬ್ರಷ್ ಮಾಡುವುದರಲ್ಲಿ ಸೋಮಾರಿತನ ಮಾಡಿದರೆ ಕತೆ ಮುಗಿಯಿತು. ಸುತ್ತಲಿನ ಒಸಡಿಗೆ ಸೋಂಕು ಬರುತ್ತದೆ, ಮೊದಲು ಬ್ರಷ್ ಮಾಡುವಾಗ ರಕ್ತ ಬರುವುದೊಂದೇ ಗುರುತು. ಆ ಹಂತದಲ್ಲಿ ಕ್ಲೀನ್ ಮಾಡಿಸಿದರೆ ವಾಪಸ್ ಸರಿಹೋಗುತ್ತದೆ. ಬಿಟ್ಟರೆ ಮೂಳೆಗೆ ಇಳಿಯುತ್ತದೆ, ಪೆರಿ ಇಂಪ್ಲಾಂಟೈಟಿಸ್ ಅನ್ನುವುದು ಇದನ್ನೇ, ಕರಗಿದ ಮೂಳೆ ಸುಲಭವಾಗಿ ವಾಪಸ್ ಬರುವುದಿಲ್ಲ. ನೋವು ಬರುವುದು ಬಹಳ ತಡವಾಗಿ, ಹಾಗಾಗಿ ನೋವಿಲ್ಲ ಅಂದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಮೊದಲೇ ಒಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಸಿಗರೇಟು ಸೇದುವವರಿಗೆ ಇದರ ಅಪಾಯ ಜಾಸ್ತಿ. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು, ದವಡೆಗೆ ರೇಡಿಯೇಷನ್ ಆದವರು ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಇನ್ನು ಮಕ್ಕಳಿಗೆ ಮುಂದಿನ ಹಲ್ಲು ಮುರಿದಾಗ ತಂದೆ ತಾಯಿ ಇಂಪ್ಲಾಂಟ್ ಹಾಕಿಸಿಬಿಡೋಣ ಅಂತ ಓಡುತ್ತಾರೆ, ಬೇಡ. ದವಡೆ ಬೆಳೆಯುವುದು ನಿಲ್ಲಬೇಕು, ಇಲ್ಲದಿದ್ದರೆ ಪಕ್ಕದ ಹಲ್ಲುಗಳು ಬೆಳೆದು ಇಳಿಯುತ್ತವೆ, ಇದು ಮೇಲೇ ಉಳಿದು ಗಿಡ್ಡ ಕಾಣುತ್ತದೆ.

ಲೈಫ್‌ಟೈಮ್ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸ್ಕ್ರೂಗಳು ಬಾಯಲ್ಲೇ ಇರುತ್ತವೆ, ಅದು ನಿಜಕ್ಕೂ ಒಳ್ಳೆಯ ಲೆಕ್ಕ. ಆದರೆ ಬಾಯಲ್ಲಿ ಇದೆ ಅನ್ನುವುದು ಬೇರೆ, ತೊಂದರೆ ಇಲ್ಲದೆ ಇದೆ ಅನ್ನುವುದು ಬೇರೆ. ಮೇಲಿನ ಕ್ಯಾಪು ಸವೆಯುತ್ತದೆ, ಒಡೆಯುತ್ತದೆ, ಒಂದು ದಿನ ಬದಲಾಯಿಸಬೇಕಾಗುತ್ತದೆ. ಗ್ಯಾರಂಟಿ ಕಾಗದ ಕೊಟ್ಟರೆ ಅದು ಯಾವ ತುಂಡಿಗೆ, ಡಾಕ್ಟರ ಫೀಸು ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ.

ಕಂಪನಿ ಹೆಸರು ದೊಡ್ಡ ವಿಷಯ ಅಲ್ಲ ಅಂದೆ, ಆದರೆ ಒಂದು ಕಾರಣಕ್ಕೆ ಅದು ಬೇಕು. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಬಿಡಿಭಾಗ ಸಾಮಾನ್ಯವಾಗಿ ಕೂರುವುದಿಲ್ಲ. ನಾಳೆ ನೀವು ಬೇರೆ ಊರಿಗೆ ಹೋಗಿ, ಸ್ಕ್ರೂ ಸಡಿಲವಾಗಿ, ಹೊಸ ಡಾಕ್ಟರ ಮುಂದೆ ಬಾಯಿ ತೆರೆದರೆ, ಒಳಗೆ ಯಾವುದಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಕಿದ ದಿನ ಡಬ್ಬಿಯ ಮೇಲಿನ ಸ್ಟಿಕ್ಕರ್ ಕಿತ್ತು ಒಂದು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ, ಅದರಲ್ಲಿ ಹೆಸರು, ಅಳತೆ, ಬ್ಯಾಚ್ ನಂಬರ್ ಇರುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಂದಹಾಗೆ ಎಂಆರ್‌ಐ ಬಗ್ಗೆ ಕೆಲವರು ಹೆದರುತ್ತಾರೆ. ಟೈಟೇನಿಯಮ್ಮನ್ನು ಅಯಸ್ಕಾಂತ ಎಳೆಯುವುದಿಲ್ಲ, ಸ್ಕ್ಯಾನ್ ಮಾಡುವವರಿಗೆ ಇದೆ ಅಂತ ತಿಳಿಸಿದರೆ ಸಾಕು.

ಬ್ರಿಡ್ಜ್‌ಗಿಂತ ಇದು ಒಳ್ಳೆಯದಾ ಅಂತ ಕೇಳಿದರೆ, ಪಕ್ಕದ ಹಲ್ಲು ನೋಡಿ ಅನ್ನುತ್ತೇನೆ. ಬ್ರಿಡ್ಜ್ ಅಂದರೆ ಎರಡೂ ಪಕ್ಕದ ಹಲ್ಲಿಗೆ ಕ್ಯಾಪ್ ಹಾಕಿ, ಅವುಗಳ ಆಧಾರದಲ್ಲಿ ಮಧ್ಯದ ಹಲ್ಲು ನಿಲ್ಲಿಸುವುದು. ಅದನ್ನು ಕೂರಿಸಲು ಆ ಎರಡೂ ಹಲ್ಲುಗಳನ್ನು ಸುತ್ತ ಕೊರೆಯಬೇಕು. ಕೆಳಗೆ ನನ್ನ ಎರಡೂ ಪಕ್ಕದವು ಗಟ್ಟಿಮುಟ್ಟಾಗಿದ್ದವು, ಒಂದು ಹೋದದ್ದಕ್ಕೆ ಚೆನ್ನಾಗಿರುವ ಎರಡನ್ನು ಕೊರೆಯಲು ಮನಸ್ಸು ಬರಲಿಲ್ಲ. ತೆಗೆದು ಹಾಕುವ ಸೆಟ್ಟಿನ ಹಲ್ಲು ಸ್ವಲ್ಪ ದಿನ ಬಳಸಿದ್ದೆ. ಮಾತಾಡುವಾಗ ಕ್ಲಿಪ್ಪು ನಾಲಿಗೆಗೆ ತಾಗುತ್ತಿತ್ತು. ಅದರ ಬಗ್ಗೆ ಇಷ್ಟು ಸಾಕು.

ಮೇಲ್ದವಡೆಯ ಬಲಗಡೆ ಇನ್ನೊಂದು ಜಾಗ ಖಾಲಿ ಇದೆ. ಇಷ್ಟೆಲ್ಲ ಹೊಗಳಿದ ಮೇಲೆ ಅಲ್ಲೂ ಇಂಪ್ಲಾಂಟೇ ಅಲ್ವಾ ಅಂದರೆ, ಅಲ್ಲ. ಅಲ್ಲಿ ಸೈನಸ್ ಕೆಳಗೆ ಇಳಿದು ಕೂತಿದೆ, ಉಳಿದಿರುವ ಮೂಳೆ ತೀರಾ ಕಮ್ಮಿ, ಅದನ್ನು ಎತ್ತಿ ತುಂಬಿಸಿ ಕಾಯುವುದೇ ಒಂದು ದೊಡ್ಡ ಕೆಲಸ. ಪಕ್ಕದ ಎರಡೂ ಹಲ್ಲಿಗೆ ಹಿಂದೆಯೇ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿದೆ, ಹೊಸದಾಗಿ ಕೊರೆಯಲು ಅಲ್ಲಿ ಏನೂ ಉಳಿದಿಲ್ಲ. ಅದಕ್ಕೆ ಬ್ರಿಡ್ಜೇ ಹಾಕಿಸುತ್ತಿದ್ದೇನೆ. ಅದರ ಸಂದಿ ಹೇಗಿರುತ್ತದೆ, ದಾರ ಎಲ್ಲಿಂದ ತೂರಿಸಬೇಕು ಅಂತ ಈ ಸಲ ಅಳತೆ ಕೊಡುವ ಮೊದಲೇ ಕೇಳಿ ಬಂದಿದ್ದೇನೆ.